ಬೀದರಿನ ಸಾಹಿಬ್ ಸಿಂಗ್ ಮತ್ತು ಪಂಚ ಕಕಾರಗಳು

ದೀಕ್ಷೆ ಪಡೆದ ಸಿಖ್ಖರು ಸದಾ ಮೈಮೇಲೆ ಧರಿಸುವ ಐದು ಲಾಂಛನಗಳಿಗೆ ಪಂಚ ಕಕಾರಗಳೆಂದು ಹೆಸರು: ಕತ್ತರಿಸದ ಕೇಶ, ಕಂಘಾ ಎಂಬ ಪುಟ್ಟ ಮರದ ಬಾಚಣಿಗೆ, ಕಬ್ಬಿಣದ ಕಡಾ, ಕಛೆರಾ ಎಂಬ ಒಳಚಡ್ಡಿ, ಕಿರ್ಪಾನ್. ಕೇಶ, ಕಡಗ, ಕೃಪಾಣ ಎಂಬ ಮಾತುಗಳನ್ನು ಬಲ್ಲ ಕನ್ನಡಿಗರಿಗೆ ಇವುಗಳಲ್ಲಿ ಮೂರು ಹೆಸರು ಹೊಸವಲ್ಲ. ಕೇಶವೆಂದರೆ ದೇವರು ಕೊಟ್ಟ ರೂಪವನ್ನು ಒಪ್ಪಿಕೊಳ್ಳುವುದು, ಕಂಘಾ ಎಂದರೆ ಶುಚಿ, ಕಡಾ ಎಂದರೆ ಕೈಗೆ ಹಾಕಿಕೊಂಡ ಕಟ್ಟುಪಾಡು ಎಂದು ವಿವರಿಸುವುದು ವಾಡಿಕೆ. ಆ ಅರ್ಥಗಳು ಸರಿಯೇ. ಆದರೆ ವಸ್ತುವಿಗೊಂದು ಗುಣ ಹಚ್ಚಿ ಅಲ್ಲಿಗೇ ನಿಲ್ಲಿಸಿದರೆ ಚರಿತ್ರೆ ಕೈತಪ್ಪುತ್ತದೆ. ಹುಟ್ಟಿನಿಂದ ಬಂದ ಕಸುಬು, ಕುಲದ ಗುರುತನ್ನು ಮೈಮೇಲಿಂದ ಇಳಿಸಿ ಎಲ್ಲರಿಗೂ ಒಂದೇ ಗುರುತು ತೊಡಿಸಿದ್ದೇ ಇವುಗಳ ಮೂಲ ಅರ್ಥ. ಅದಕ್ಕೆ ಬಲವಾದ ಸಾಕ್ಷಿ ಕರ್ನಾಟಕದ ಬೀದರಿನಲ್ಲಿದೆ.

1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದರು ತಲೆ ಕೊಡುವವರು ಯಾರೆಂದು ಕೇಳಿದಾಗ ಐವರು ಒಬ್ಬೊಬ್ಬರಾಗಿ ಎದ್ದು ಬಂದರೆಂದು ಸಿಖ್ ಪರಂಪರೆ ಹೇಳುತ್ತದೆ: ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವ, ದ್ವಾರಕೆಯ ಬಟ್ಟೆ ಅಚ್ಚುಗಾರ, ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಕಬ್ಬಿಣದ ಬಟ್ಟಲಿನ ನೀರಿಗೆ ಬತ್ತಾಸು ಹಾಕಿ, ಖಂಡಾ ಎಂಬ ಇಬ್ಬಾಯಿ ಖಡ್ಗದಿಂದ ಕಲಕಿದ ಅಮೃತವನ್ನು ಐವರೂ ಅದೇ ಬಟ್ಟಲಿನಿಂದ ಕುಡಿದರು. ಆಮೇಲೆ ಗುರುವೇ ಅವರ ಮುಂದೆ ನಿಂತು ಅವರ ಕೈಯಿಂದ ದೀಕ್ಷೆ ಪಡೆದರು. ಸಾಹಿಬ್ ಚಂದ್ ಸಾಹಿಬ್ ಸಿಂಗ್ ಆದದ್ದು ಹೀಗೆ. ಕತ್ತರಿ ಹಿಡಿದೇ ಬಾಳಬೇಕೆಂದು ಹುಟ್ಟು ವಿಧಿಸಿದ್ದವನು, ಕೂದಲಿಗೆ ಕತ್ತರಿ ಸೋಕಿಸದ ಖಾಲ್ಸಾ ಎಂಬ ದೀಕ್ಷಿತರ ಸಮುದಾಯದ ಮೊದಲ ಐವರಲ್ಲಿ ಒಬ್ಬನಾದ. ಕೇಶದ ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಬಾಳು ಇನ್ನೊಂದಿಲ್ಲ. ಇದೇ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಇಷ್ಟಲಿಂಗವನ್ನು ಮೈಮೇಲೆ ಧರಿಸಿ ಜಾತಿಯನ್ನು ನಿರಾಕರಿಸಿದ್ದರು. ಕ್ಷೌರಿಕ ವೃತ್ತಿಯ ಹಡಪದ ಸಮಾಜ ಇಂದಿಗೂ ತನ್ನವನೆಂದು ಪೂಜಿಸುವ ಹಡಪದ ಅಪ್ಪಣ್ಣ ಅವರಲ್ಲೊಬ್ಬ. ಒಂದರಿಂದ ಇನ್ನೊಂದು ಬಂತೆನ್ನಲು ಆಧಾರವಿಲ್ಲ, ಆದರೆ ಎರಡರ ದಾರಿ ಒಂದೇ.

ಐದರ ಪಟ್ಟಿ 1699ರಲ್ಲೇ ಸಿದ್ಧವಾಗಿರಲಿಲ್ಲ, ಅದು ನಿಧಾನವಾಗಿ ರೂಪುಗೊಂಡಿತು ಎಂಬುದು ಕೆಲವು ಇತಿಹಾಸಕಾರರ ಆಕ್ಷೇಪ. ಇದರಲ್ಲಿ ಹುರುಳಿದೆ, ಇಂದಿನ ನಿಯಮಾವಳಿಯಾದ ಸಿಖ್ ರಹಿತ್ ಮರ್ಯಾದಾಕ್ಕೆ ಅಂತಿಮ ಒಪ್ಪಿಗೆ ಸಿಕ್ಕಿದ್ದು 1945ರಲ್ಲಿ. ಆದರೆ ಖಾಲ್ಸಾ ಹುಟ್ಟಿದ ಕೆಲವೇ ವರ್ಷಗಳಲ್ಲಿ ಕವಿ ಸೈನಾಪತಿ ಬರೆದ ‘ಗುರ್ ಸೋಭಾ’ ತಲೆ ಬೋಳಿಸುವ ಪದ್ಧತಿಯನ್ನು ಆಗಲೇ ತಿರಸ್ಕರಿಸುತ್ತದೆ. ಪಟ್ಟಿ ತಡವಾಗಿ ಗಟ್ಟಿಯಾಗಿರಬಹುದು, ಕೇಶದ ನಿಷ್ಠೆ ಹಳೆಯದು. ಮೈಮೇಲಿನ ಗುರುತು ಜನರನ್ನು ಬೇರ್ಪಡಿಸುತ್ತದೆ, ಅದರಲ್ಲೂ ಆಯುಧವೇಕೆ ಎಂಬುದು ಮತ್ತೊಂದು ಪ್ರಶ್ನೆ. 1675ರಲ್ಲಿ ದೆಹಲಿಯಲ್ಲಿ ಗುರು ಗೋಬಿಂದರ ತಂದೆ ಗುರು ತೇಗ್ ಬಹಾದೂರರ ಶಿರಚ್ಛೇದವಾದಾಗ ಅನುಯಾಯಿಗಳು ಗುಂಪಿನಲ್ಲಿ ಮರೆಯಾಗಿ ಉಳಿದರೆಂಬ ನೋವು ಸಿಖ್ ನೆನಪಿನಲ್ಲಿದೆ. ಇನ್ನು ಮುಂದೆ ಅಂಜಿ ಅಡಗಲು ಆಗಬಾರದು ಎಂಬ ಸಂಕಲ್ಪ ಈ ಗುರುತುಗಳಲ್ಲಿದೆ. ಆಯುಧ ಹಿಡಿಯುವುದು ಮೇಲುಕುಲದವರ ಹಕ್ಕೆಂದು ಎಣಿಸುತ್ತಿದ್ದ ಕಾಲದಲ್ಲಿ ಕ್ಷೌರಿಕನ ಸೊಂಟಕ್ಕೂ ಕಿರ್ಪಾನ್ ಬಂತು. ಅದು ಹೆಂಗಸರಿಗೂ ಸಲ್ಲುತ್ತದೆ. ಯುದ್ಧಕ್ಕಿಳಿದ ಮಾಯಿ ಭಾಗೋ ಕೊನೆಯ ದಿನಗಳನ್ನು ಬೀದರಿಗೆ ಹತ್ತಿರದ ಜನವಾಡದಲ್ಲಿ ಕಳೆದಳೆಂಬುದು ಪರಂಪರೆಯ ಮಾತು.

ಪೇಟ ಈ ಐದರಲ್ಲಿಲ್ಲ. ಅದು ಕೇಶವನ್ನು ಕಾಯುವ ಉಡುಗೆ. ಕಿರ್ಪಾನ್, ಪೇಟ ಎರಡನ್ನೂ ಇಂದು ಕಾನೂನು ಮನ್ನಿಸುತ್ತದೆ. ಕಿರ್ಪಾನ್ ಧರಿಸುವುದು ಸಿಖ್ ಧರ್ಮಾಚರಣೆಯ ಭಾಗವೆಂದು ಸಂವಿಧಾನದ 25ನೇ ವಿಧಿಯ ವಿವರಣೆಯೇ ಹೇಳುತ್ತದೆ. ಬೈಕಿನಲ್ಲಿ ಹೋಗುವವರಿಗೆ ಹೆಲ್ಮೆಟ್ ಕಡ್ಡಾಯ. ಪೇಟ ಸುತ್ತಿದ ಸಿಖ್ಖರಿಗೆ ಮಾತ್ರ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ವಿನಾಯಿತಿ ಕೊಟ್ಟಿದೆ.