ಲವಾಲ್ ಪ್ರಕರಣ

ಐರೋಪ್ಯ ಒಕ್ಕೂಟದ ಮಾರುಕಟ್ಟೆ ಕಾನೂನಿಗೂ ಸ್ವೀಡನ್ನಿನ ಕಾರ್ಮಿಕರ ಮುಷ್ಕರದ ಹಕ್ಕಿಗೂ ನಡೆದ ತಿಕ್ಕಾಟ. ಐರೋಪ್ಯ ನ್ಯಾಯಾಲಯ ಇದರ ತೀರ್ಪನ್ನು 2007ರ ಡಿಸೆಂಬರ್ 18ರಂದು ನೀಡಿತು.

ಲಾಟ್ವಿಯ 2004ರ ಮೇ ತಿಂಗಳಲ್ಲಿ ಒಕ್ಕೂಟ ಸೇರಿತು. ಅದೇ ವರ್ಷ ಅಲ್ಲಿನ ಲವಾಲ್ ಕಂಪನಿ ಸುಮಾರು 35 ಕೆಲಸಗಾರರನ್ನು ಸ್ವೀಡನ್ನಿಗೆ ಕಳಿಸಿತು. ಸ್ಟಾಕ್‌ಹೋಮ್ ಸಮೀಪದ ವಾಕ್ಸ್‌ಹೋಮ್‌ನಲ್ಲಿ ಶಾಲೆಯೊಂದರ ಕಟ್ಟಡ ಕೆಲಸ ಅದರ ಉಪಕಂಪನಿಯ ಕೈಯಲ್ಲಿತ್ತು. ಸ್ವೀಡನ್ನಿನಲ್ಲಿ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನವಿಲ್ಲ. ಕೂಲಿಯ ದರವನ್ನು ಯೂನಿಯನ್ನೂ ಮಾಲೀಕರೂ ಎದುರುಬದುರು ಕೂತು ತೀರ್ಮಾನಿಸುತ್ತಾರೆ. ಮಾತು ಮುರಿದರೆ ಮುಷ್ಕರ. ಕಟ್ಟಡ ಕಾರ್ಮಿಕರ ಯೂನಿಯನ್ ಗಂಟೆಗೆ 145 ಕ್ರೋನಾ ಕೇಳಿತು. ಲಾಟ್ವಿಯದ ಯೂನಿಯನ್ ಜೊತೆ ಆಗಲೇ ಒಪ್ಪಂದವಾಗಿದೆ ಎಂದು ಕಂಪನಿ ಪಟ್ಟುಹಿಡಿಯಿತು. ನವೆಂಬರ್ 2ರಿಂದ ದಿಗ್ಬಂಧನ: ಸಾಮಗ್ರಿ ಒಳಗೆ ಬರುವಂತಿಲ್ಲ, ಲಾಟ್ವಿಯದ ಕೆಲಸಗಾರರೂ ವಾಹನಗಳೂ ಒಳಹೋಗುವಂತಿಲ್ಲ. ಡಿಸೆಂಬರಿನಲ್ಲಿ ವಿದ್ಯುತ್ ಕೆಲಸಗಾರರ ಯೂನಿಯನ್ ಕೂಡ ಬೆಂಬಲಕ್ಕೆ ನಿಂತಿತು. ಕ್ರಿಸ್‌ಮಸ್‌ಗೆಂದು ಊರಿಗೆ ಹೋದ ಲಾಟ್ವಿಯದವರು ಮರಳಿ ಬರಲಿಲ್ಲ. ಈ ಜಗಳದಲ್ಲಿ ಮೊದಲು ಕೆಲಸ ಕಳೆದುಕೊಂಡವರು ಅವರೇ ಎಂಬುದನ್ನು ಮರೆಯಬಾರದು. 2005ರಲ್ಲಿ ಉಪಕಂಪನಿ ದಿವಾಳಿಯಾಯಿತು.

ಮುಷ್ಕರ ಮೂಲಭೂತ ಹಕ್ಕು ಎಂದು ನ್ಯಾಯಾಲಯ ಒಪ್ಪಿತು. ಆದರೆ ಒಕ್ಕೂಟದೊಳಗೆ ಎಲ್ಲಿ ಬೇಕಾದರೂ ಸೇವೆ ಒದಗಿಸುವ ಕಂಪನಿಯ ಸ್ವಾತಂತ್ರ್ಯಕ್ಕೆ ಈ ದಿಗ್ಬಂಧನ ಅಡ್ಡಿಯಾಗಿದೆ, ಅದಕ್ಕೆ ತಕ್ಕ ಸಮರ್ಥನೆಯಿಲ್ಲ ಎಂದಿತು. ಹೊರದೇಶದಿಂದ ಕಳಿಸಿದ ಕೆಲಸಗಾರರ ಕುರಿತ 1996ರ ನಿರ್ದೇಶನದಂತೆ, ಕೂಲಿಯ ವಿಷಯದಲ್ಲಿ ಮೊದಲೇ ಗೊತ್ತಾಗಿರುವ ಕನಿಷ್ಠ ವೇತನವನ್ನಷ್ಟೇ ಬಂದ ಕಂಪನಿಯಿಂದ ಕೇಳಬಹುದಿತ್ತು. ಸ್ವೀಡನ್ನಿನಲ್ಲಿ ಅಂಥದ್ದು ಇರಲಿಲ್ಲ. ಕಾನೂನಿನ ಆಸರೆ ಬೇಡವೆನ್ನುವಷ್ಟು ಬಲವಾಗಿದ್ದ ಯೂನಿಯನ್‌ಗಳಿಗೆ ಆ ಬಲವೇ ಮುಳುವಾಯಿತು. ತೀರ್ಪಿನ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಒಂದು ವಾರ ಹಿಂದಷ್ಟೇ, ಫಿನ್ಲೆಂಡಿನ ಹಡಗನ್ನು ಎಸ್ಟೋನಿಯದ ಧ್ವಜದಡಿ ನೋಂದಾಯಿಸುವುದನ್ನು ಯೂನಿಯನ್‌ಗಳು ವಿರೋಧಿಸಿದ ವೈಕಿಂಗ್ ಪ್ರಕರಣದಲ್ಲೂ ಇದೇ ಬಗೆಯ ತರ್ಕ ಬಂದಿತ್ತು.

2009ರಲ್ಲಿ ಸ್ವೀಡನ್ನಿನ ಕಾರ್ಮಿಕ ನ್ಯಾಯಾಲಯ ಯೂನಿಯನ್‌ಗಳಿಗೆ ಒಟ್ಟು 5.5 ಲಕ್ಷ ಕ್ರೋನಾ ದಂಡಪರಿಹಾರ ವಿಧಿಸಿತು. ಮುಷ್ಕರ ನಡೆದಾಗ ದೇಶದ ಕಾನೂನು ಅದಕ್ಕೆ ಅನುಮತಿಸಿತ್ತು. ಹಾಗಾಗಿ ಇದು ಅನ್ಯಾಯವೆಂದೇ ಹೇಳಬೇಕು. 2010ರಲ್ಲಿ ಸಂಸತ್ತು ಮುಷ್ಕರದ ಹಕ್ಕನ್ನು ತೀರ್ಪಿಗೆ ತಕ್ಕಂತೆ ಬಿಗಿಗೊಳಿಸಿತು. ಆ ಕಾನೂನು ಐರೋಪ್ಯ ಸಾಮಾಜಿಕ ಸನ್ನದಿಗೆ ವಿರುದ್ಧವೆಂದು ಸಾಮಾಜಿಕ ಹಕ್ಕುಗಳ ಐರೋಪ್ಯ ಸಮಿತಿ 2013ರಲ್ಲಿ ಹೇಳಿತು. ಹೀಗೆ ಒಂದು ಸಂಸ್ಥೆಯ ತೀರ್ಪು ಪಾಲಿಸಿದ ದೇಶ ಇನ್ನೊಂದರ ಮುಂದೆ ತಪ್ಪಿತಸ್ಥವಾಯಿತು. 2017ರಲ್ಲಿ ಸ್ವೀಡನ್ ಕಾನೂನನ್ನು ಸಡಿಲಿಸಿತು. ಒಕ್ಕೂಟದ 2018ರ ತಿದ್ದುಪಡಿಯು 1996ರ ನಿರ್ದೇಶನದಲ್ಲಿದ್ದ ‘ಕನಿಷ್ಠ ವೇತನ ದರ’ವನ್ನು ತೆಗೆದು ‘ಸಂಭಾವನೆ’ ಎಂದು ಬರೆಯಿತು; ಬೋನಸ್, ಭತ್ಯೆಗಳೂ ಲೆಕ್ಕಕ್ಕೆ ಬರುವಂತಾಯಿತು.