ಅಪ್ಪನ ಸ್ಪೀಕರು, ಅಮ್ಮನ ವಾಲ್ಯೂಮು

ಸರಸ್ವತಿಪುರಂನ ನಮ್ಮ ಮನೆಯ ಹಜಾರದಲ್ಲಿ ಎರಡು ಮರದ ಪೆಟ್ಟಿಗೆಗಳಿವೆ. ಒಂದರ ಮೇಲೆ ಅಪ್ಪನ ಫೋಟೋ, ಇನ್ನೊಂದರ ಮೇಲೆ ಅಮ್ಮ ಹಾಕಿದ ಕ್ರೋಶದ ಬಟ್ಟೆ, ಅದರ ಮೇಲೊಂದು ಹಿತ್ತಾಳೆಯ ಹೂದಾನಿ. ಹೊಸಬರು ಅವನ್ನು ಸಣ್ಣ ಬೀರು ಎಂದುಕೊಳ್ಳುತ್ತಾರೆ. ಅವು ಸ್ಪೀಕರುಗಳು. 1988ರಲ್ಲಿ ಅಪ್ಪನಿಗೆ ಅರಿಯರ್ಸ್ ಹಣ ಬಂದಾಗ ಅಮ್ಮ ಬಳೆ ಬೇಕೆಂದಿದ್ದರು. ಅಪ್ಪ ಬೆಂಗಳೂರಿಗೆ ಹೋಗಿ ಈ ಎರಡು ಪೆಟ್ಟಿಗೆಗಳನ್ನೂ, ಇವುಗಳ ನಡುವೆ ಕೂರುವ ಒಂದು ಭಾರಿ ಆಂಪ್ಲಿಫೈಯರನ್ನೂ ತಂದರು. ಬಳೆ ಮುಂದಿನ ವರ್ಷಕ್ಕೆ ಹೋಯಿತು. ಮುಂದಿನ ವರ್ಷ ನನ್ನ ತಮ್ಮನ ಕಾಲೇಜು ಫೀಸು ಬಂತು.

ಆಂಪ್ಲಿಫೈಯರ್ ಎಂದರೆ ಕಬ್ಬಿಣದ ಮೈ, ಅಲ್ಯೂಮಿನಿಯಂ ಮುಖ, ಹಿಂದೆ ಬಾಚಣಿಗೆಯಂಥ ರೆಕ್ಕೆಗಳು. ಎತ್ತಲು ಇಬ್ಬರು ಬೇಕಿತ್ತು. ಮುಂದುಗಡೆ ನಿಂಬೆಹಣ್ಣಿನ ಗಾತ್ರದ ವಾಲ್ಯೂಮ್ ಗುಂಡಿ. ಆ ಗುಂಡಿಯನ್ನು ಮುಟ್ಟುವ ಅಧಿಕಾರ ಅಪ್ಪನಿಗೆ ಮಾತ್ರ. ಪಿಯುಸಿಗೆ ಬಂದ ಮೇಲೆ ತಮ್ಮನಿಗೂ ಸಿಕ್ಕಿತು. ಅವನಿಗಿಂತ ದೊಡ್ಡವಳಾದ ನನಗೆ ಧೂಳು ಒರೆಸುವ ಅಧಿಕಾರವಿತ್ತು. ಅಮ್ಮನಿಗೆ ಅದೂ ಇರಲಿಲ್ಲ. "ಒದ್ದೆ ಕೈ, ಷಾಕ್ ಹೊಡೆದೀತು" ಎನ್ನುತ್ತಿದ್ದರು ಅಪ್ಪ. ಅವರ ಕೈ ಯಾವಾಗಲೂ ಒದ್ದೆ ಇರುತ್ತಿತ್ತು, ಸುಳ್ಳಲ್ಲ. ಭಾನುವಾರ ಬೆಳಿಗ್ಗೆ ಭೀಮಸೇನ ಜೋಶಿಯವರ ದಾಸರ ಪದಗಳು ಹಜಾರ ದಾಟಿ, ಬೀದಿ ದಾಟಿ ಹೋಗುತ್ತಿದ್ದವು. ಅಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಕೇಳುತ್ತಿದ್ದರು.

ಅಪ್ಪ ಹೋದ ಮೇಲೆ ಅದು ಹಲವು ವರ್ಷ ಮೂಕವಾಗಿತ್ತು. ಹೋದ ವರ್ಷ ಒಂದು ದಿನ ಏನೋ ನೆನೆಸಿಕೊಂಡು ಸ್ವಿಚ್ ಹಾಕಿದೆ. ಗುಂಯ್ ಎಂದಿತು, ಸುಟ್ಟ ವಾಸನೆ ಬಂತು, ನಿಂತುಹೋಯಿತು. ತಮ್ಮ ಬೆಂಗಳೂರಿನಿಂದ ಫೋನಿನಲ್ಲಿ, "ಎಲ್ಲಾ ಗುಜರಿಗೆ ಹಾಕಕ್ಕಾ, ಈಗ ಅಂಗೈಯಷ್ಟು ಸ್ಪೀಕರ್ ಬರುತ್ತೆ" ಎಂದ. ರಿಪೇರಿಯವರು ಬಂದು ನೋಡಿದರು. "ಆಂಪ್ಲಿಫೈಯರ್ ಟ್ರಾನ್ಸ್‌ಫಾರ್ಮರ್ ಹೋಗಿದೆ ಮೇಡಂ, ರಿಪೇರಿಗೆ ಹಾಕೋ ದುಡ್ಡಿಗೆ ಹೊಸದೇ ಬರುತ್ತೆ. ಸ್ಪೀಕರ್ ಮಾತ್ರ ಚಿನ್ನದ ಹಾಗಿದೆ. ಕಾಗದದ ಸುತ್ತ ಇರೋ ಅಂಚು ಬಟ್ಟೇದು. ಫೋಮ್ ಆಗಿದ್ದರೆ ಇಷ್ಟು ಹೊತ್ತಿಗೆ ಪುಡಿಪುಡಿ ಆಗಿರೋದು" ಎಂದರು. ಅಮ್ಮನಿಗೆ ಬಳೆಯ ಬದಲು ಬಂದ ಚಿನ್ನವಲ್ಲವೇ, ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಚರಿತ್ರೆಯ ಪಾಠ ಮಾಡಿ ಮಾಡಿ ನನಗೊಂದು ಚಟ. ಯಾವುದನ್ನೂ ಬುಡದಿಂದ ನೋಡದೆ ಸಮಾಧಾನವಿಲ್ಲ. ಹೊಸ ಆಂಪ್ಲಿಫೈಯರ್ ಕೊಳ್ಳುವ ಮೊದಲು, ಈ ದನಿ ದೊಡ್ಡದು ಮಾಡುವ ಯಂತ್ರ ನಮ್ಮ ಊರಿಗೆ ಹೇಗೆ ಬಂತು ಎಂದು ಓದತೊಡಗಿದೆ.

ಕ್ಷೀಣವಾದ ವಿದ್ಯುತ್ ಸಂಕೇತವನ್ನು ಬಲವಾಗಿಸಿ, ಸ್ಪೀಕರಿನ ಕಾಗದವನ್ನು ಅಲುಗಾಡಿಸುವಷ್ಟು ಶಕ್ತಿ ಕೊಡುವುದು ಆಂಪ್ಲಿಫೈಯರಿನ ಕೆಲಸ. ಇದಕ್ಕೆ ದಾರಿ ತೆರೆದದ್ದು ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಮಾಡಿದ ಗಾಜಿನ ಕವಾಟ. ನಮ್ಮ ಅಜ್ಜಿಮನೆಯ ರೇಡಿಯೋ ಹಾಕಿದರೆ ಹಾಡು ಬರಲು ಸ್ವಲ್ಪ ಹೊತ್ತು ಕಾಯಬೇಕಿತ್ತಲ್ಲ, ಈ ಗಾಜಿನ ಬುಡ್ಡಿಗಳು ಬಿಸಿಯಾಗಲಿ ಎಂದು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ಕ್ರಮೇಣ ಬುಡ್ಡಿಗಳು ಹೋದವು, ಕಾಯುವುದೂ ಹೋಯಿತು.

ಮೈಸೂರಿನಲ್ಲಿ ಈ ಕಥೆ ಒಂಟಿಕೊಪ್ಪಲಿನ ಒಂದು ಮನೆಯಿಂದ ಶುರುವಾಗುತ್ತದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠಲ ವಿಹಾರ'ದಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ನಮ್ಮ ಈ ಪುಟ್ಟ ನಿಲಯದ್ದು. ಇಡೀ ದೇಶದ ರೇಡಿಯೋ ಅದನ್ನು ಆಮೇಲೆ ತನ್ನದಾಗಿಸಿಕೊಂಡಿತು. ಅವರ ಪ್ರಸಾರಯಂತ್ರದ ಶಕ್ತಿ ಎಷ್ಟು ಗೊತ್ತೇ? 30 ವ್ಯಾಟ್. ಬಚ್ಚಲುಮನೆಗೆ ಹಾಕುವ ಹಳೆಯ ಬಲ್ಬಿಗೂ ಇದಕ್ಕಿಂತ ಹೆಚ್ಚು ಬೇಕಿತ್ತು! ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಕಥೆ ಅರಮನೆಯದು. ಜಯಚಾಮರಾಜ ಒಡೆಯರ್ ಅವರನ್ನು ನಾವು ಕರ್ನಾಟಕ ಸಂಗೀತದ ಕೃತಿಕಾರರೆಂದು ಬಲ್ಲೆವು. ಅವರು ಪಿಯಾನೋ ಕಲಿತವರು, ಪಶ್ಚಿಮದ ಸಂಗೀತದ ದೊಡ್ಡ ರಸಿಕರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ಮುದಿ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳೆಲ್ಲ ಕಳೆದುಹೋಗಬಾರದೆಂದು ಅವನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ನಮ್ಮ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಈ ಸಂಬಂಧವಾಗಿ ನಲವತ್ತರ ದಶಕದ ಕೊನೆಯಲ್ಲಿ ಮೈಸೂರಿಗೆ ಬಂದ ಬ್ರಿಟನ್ನಿನ ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್, ಅರಮನೆಯ ರೆಕಾರ್ಡುಗಳ ಭಂಡಾರವನ್ನೂ, ಅಲ್ಲಿದ್ದ ಬಗೆಬಗೆಯ ಸ್ಪೀಕರುಗಳನ್ನೂ ಕಂಡು ಬೆರಗಾಗಿ ಬರೆದುಕೊಂಡಿದ್ದಾರೆ.

ಒಳ್ಳೆಯ ಸ್ಪೀಕರಿನ ಮುಂದೆ ಕೂತು ತನಗೆ ಬೇಕಾದಷ್ಟು ದನಿಯಲ್ಲಿ ಕೇಳುವ ಸುಖ ಅಂದು ಅರಸನಿಗಿತ್ತು. ಎಪ್ಪತ್ತರ ದಶಕದ ಕೊನೆಗೆ ಕ್ಯಾಸೆಟ್ಟು ಬಂತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದು, ಟೇಪ್ ರೆಕಾರ್ಡರ್ ಇದ್ದ ಮನೆಮನೆಗೂ ಹೋಯಿತು. ಆ ಸುಖ ಅರಮನೆಯಿಂದ ಗುಮಾಸ್ತರ ಹಜಾರಕ್ಕೂ ಬಂತು. ಅಲ್ಲಿಂದ ಅಡುಗೆಮನೆಯವರೆಗಿನ ಹತ್ತು ಹೆಜ್ಜೆ ಮಾತ್ರ ಬಾಕಿ ಉಳಿದಿತ್ತು.

ಇಷ್ಟು ಓದಿಕೊಂಡು ಪೇಟೆಗೆ ಹೋದೆ. ಅಂಗಡಿಯ ಹುಡುಗ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದ. "ಸರ್‌ನ ಕರ್ಕೊಂಡು ಬನ್ನಿ ಮೇಡಂ, ಅವರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ" ಎಂದ. ನಮ್ಮ ಮನೆಯಲ್ಲಿ ಸರ್ ಯಾರೂ ಇಲ್ಲ, ಮೂವತ್ತು ವರ್ಷದಿಂದ ಮಕ್ಕಳಿಗೆ ಎಕ್ಸ್‌ಪ್ಲೇನ್ ಮಾಡುತ್ತಿರುವವಳು ನಾನೇ ಎಂದೆ. ಅವನು ಪೆನ್ಸಿಲ್ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಪೆಟ್ಟಿಗೆ ತೋರಿಸಿದ. ಮೇಲೆ ದಪ್ಪಕ್ಷರದಲ್ಲಿ '50 + 50 ವ್ಯಾಟ್' ಎಂದಿತ್ತು. ಒಂಟಿಕೊಪ್ಪಲಿನ ಆ 30 ವ್ಯಾಟ್ ನೆನಪಾಯಿತು. ಅದು ಗಾಳಿಯಲ್ಲಿ ಅಲೆ ಹೊರಡಿಸುವ ಯಂತ್ರದ ಲೆಕ್ಕ, ಇದು ಸ್ಪೀಕರ್ ಕುಣಿಸುವ ಲೆಕ್ಕ, ಎರಡೂ ಒಂದೇ ಅಲ್ಲ. ಆದರೂ ಒಂದು ಹಜಾರಕ್ಕೆ ನೂರು ವ್ಯಾಟ್ ಏಕೆ ಬೇಕು ಎಂಬ ಅನುಮಾನ ಹುಟ್ಟಿತು. ಕೊಳ್ಳದೆ ವಾಪಸು ಬಂದೆ.

ನಮ್ಮ ಶಾಲೆಯ ವಿಜ್ಞಾನದ ಮೇಡಂ ಸ್ಟಾಫ್ ರೂಮಿನಲ್ಲಿ ಎರಡು ಮಧ್ಯಾಹ್ನ ನನಗೆ ಪಾಠ ಮಾಡಿದರು. ಬಿಎ ಓದಿದ ನನಗೆ ಅರ್ಥವಾದದ್ದು ನಿಮಗೂ ಆಗುತ್ತದೆ.

ಮೊದಲನೆಯದು, ಪೆಟ್ಟಿಗೆಯ ಮೇಲಿನ ವ್ಯಾಟನ್ನು ನಂಬಬೇಡಿ, ಅಡಾಪ್ಟರಿನ ಮೇಲಿನ ಸಣ್ಣಕ್ಷರ ಓದಿ. ಅಲ್ಲಿ ವೋಲ್ಟ್ ಮತ್ತು ಆಂಪಿಯರ್ ಬರೆದಿರುತ್ತದೆ, ಎರಡನ್ನೂ ಗುಣಿಸಿ. ನಾನು ನೋಡಿದ ಪೆಟ್ಟಿಗೆಯ ಅಡಾಪ್ಟರು 12 ವೋಲ್ಟ್, 2 ಆಂಪಿಯರ್. ಗುಣಿಸಿದರೆ 24 ವ್ಯಾಟ್. ಗೋಡೆಯಿಂದ 24 ತಂದು ನೂರು ಬಡಿಸುವುದು ಅಕ್ಷಯಪಾತ್ರೆಗೆ ಮಾತ್ರ ಸಾಧ್ಯ. ಮಾಮೂಲಿ 8 ಓಮ್ ಸ್ಪೀಕರಿಗೆ 12 ವೋಲ್ಟಿನಿಂದ ಶುದ್ಧವಾಗಿ ಬರುವುದು ಒಂದೊಂದು ಬದಿಗೆ ಎಂಟೊಂಬತ್ತು ವ್ಯಾಟ್ ಅಷ್ಟೇ. 24 ವೋಲ್ಟಿನ, ಸಾಕಷ್ಟು ಆಂಪಿಯರ್ ಇರುವ ಅಡಾಪ್ಟರ್ ಇದ್ದರೆ ಮೂವತ್ತರ ಆಸುಪಾಸು ಬರುತ್ತದೆ.

ಎರಡನೆಯದು, ಕಿವಿಯ ಲೆಕ್ಕ ಬೇರೆ. ವ್ಯಾಟ್ ಎರಡರಷ್ಟಾದರೆ ದನಿ ಎರಡರಷ್ಟಾಗುವುದಿಲ್ಲ, ತುಸು ಏರಿದಂತೆ ಕೇಳುತ್ತದೆ ಅಷ್ಟೆ. ಕಿವಿಗೆ ಎರಡರಷ್ಟು ಎನ್ನಿಸಬೇಕಾದರೆ ವ್ಯಾಟ್ ಹತ್ತರಷ್ಟಾಗಬೇಕು. ನಾವು ಮಾತಾಡುತ್ತಾ ಕೂತು ಹಾಡು ಕೇಳುವಾಗ ಖರ್ಚಾಗುವುದು ಒಂದೆರಡು ವ್ಯಾಟ್, ಅನೇಕ ಸಲ ಅದಕ್ಕಿಂತಲೂ ಕಡಿಮೆ. ಉಳಿದದ್ದು ಮೃದಂಗದ ಒಂದು ಪೆಟ್ಟು, ತಾರಕದ ಒಂದು ಸ್ವರ ಒಡೆಯದೆ ಬರಲಿ ಎಂಬ ಮೀಸಲು ನಿಧಿ. ಸಂಸಾರದಲ್ಲಿ ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡಿನ ಹಾಗೆ. ಮೀಸಲು ಬೇಕು, ಆದರೆ ಅದೇ ಸಂಬಳವಲ್ಲ. ಆಂಪ್ಲಿಫೈಯರಿನ ಶಕ್ತಿ ಮೀರಿ ವಾಲ್ಯೂಮ್ ಏರಿಸಿದರೆ ದನಿ ಕರ್ಕಶವಾಗುತ್ತದೆ, ಸ್ಪೀಕರಿನೊಳಗಿನ ಸಣ್ಣ ಟ್ವೀಟರ್ ಸುಟ್ಟೂಹೋಗಬಹುದು. ಕರ್ಕಶವಾದ ಕೂಡಲೇ ಇಳಿಸಬೇಕು.

ಮೂರನೆಯದು, ಗಾತ್ರ ಚಿಕ್ಕದಾದ ಮಾತ್ರಕ್ಕೆ ಮೋಸವಲ್ಲ. ಅಪ್ಪನ ಆಂಪ್ಲಿಫೈಯರ್ ನಲ್ಲಿಯನ್ನು ಅರ್ಧ ತಿರುಗಿಸಿ ನೀರು ಬಿಡುವಂಥದ್ದು. ತೆಗೆದುಕೊಂಡ ವಿದ್ಯುತ್ತಿನಲ್ಲಿ ಅರ್ಧದಷ್ಟು ಬಿಸಿಯಾಗಿಯೇ ಹೋಗುತ್ತಿತ್ತು, ಅದಕ್ಕೇ ಆ ರೆಕ್ಕೆಗಳು. ಈಗಿನ 'ಕ್ಲಾಸ್ ಡಿ' ಬಗೆಯದು ನಲ್ಲಿಯನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ನೂರಕ್ಕೆ ತೊಂಬತ್ತರ ಹತ್ತಿರ ಸ್ಪೀಕರಿಗೇ ಸೇರುತ್ತದೆ, ಮೈ ಬೆಚ್ಚಗಾದರೆ ಹೆಚ್ಚು. ಅಮೆರಿಕದಲ್ಲಿ 1995ರಲ್ಲಿ ಶುರುವಾದ ಟ್ರೈಪಾತ್ ಎಂಬ ಕಂಪನಿಯ ಚಿಪ್ ಹಾಕಿದ ಅಗ್ಗದ ಪುಟ್ಟ ಪೆಟ್ಟಿಗೆಯೊಂದು 2000ದ ದಶಕದಲ್ಲಿ ನಲವತ್ತು ಡಾಲರಿಗಿಂತ ಕಡಿಮೆಗೆ ಮಾರಾಟವಾಗಿ, ದುಬಾರಿ ಸೆಟ್ಟಿನವರನ್ನು ತಲೆ ಕೆರೆದುಕೊಳ್ಳುವಂತೆ ಮಾಡಿತು. ಕಂಪನಿ 2007ರಲ್ಲಿ ದಿವಾಳಿಯಾಯಿತು, ಅದು ತೋರಿಸಿದ ದಾರಿ ಉಳಿಯಿತು.

ಮತ್ತೆ ಪೇಟೆಗೆ ಹೋದೆ, ಇನ್ನೊಂದು ಅಂಗಡಿಗೆ. "ಅಡಾಪ್ಟರ್ ಎಷ್ಟು ವೋಲ್ಟು, ಎಷ್ಟು ಆಂಪಿಯರು? ನಮ್ಮ ಸ್ಪೀಕರು 8 ಓಮು" ಎಂದೆ. ಆ ಹುಡುಗ ನನ್ನ ಹಿಂದೆ ಯಾರನ್ನೂ ಹುಡುಕಲಿಲ್ಲ. ಕುರ್ಚಿ ಹಾಕಿದ. ಮೂರು ಸಾವಿರ ಚಿಲ್ಲರೆಗೆ 24 ವೋಲ್ಟ್, 5 ಆಂಪಿಯರ್ ಅಡಾಪ್ಟರಿನ ಒಂದು ಪೆಟ್ಟಿಗೆ ತಂದೆ. ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಹಿಡಿಯಿತು.

ಜೋಡಿಸುವುದನ್ನೂ ನಾನೇ ಮಾಡಿದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಮದುವೆಯಲ್ಲಿ ಗಂಟು ಹಾಕುವಷ್ಟೇ ಸುಲಭ. ಮೊದಲ ಸಲ ಹಾಡು ತೆಳ್ಳಗೆ ಬಂತು, ತಂಬೂರಿಯ ತುಂಬುದನಿಯೇ ಇಲ್ಲ. ನೋಡಿದರೆ ಎಡಗಡೆ ಸ್ಪೀಕರಿನ ತಂತಿ ಅದಲು ಬದಲಾಗಿತ್ತು. ಒಂದು ಸ್ಪೀಕರ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದರೆ ಕೆಳಸ್ವರಗಳು ಒಂದನ್ನೊಂದು ನುಂಗಿಹಾಕುತ್ತವಂತೆ. ಇನ್ನೊಂದು ಎಚ್ಚರಿಕೆ: ಇಂಥ ಪೆಟ್ಟಿಗೆಗಳಲ್ಲಿ ಎಡದ ಮತ್ತು ಬಲದ ಕಪ್ಪು ತಂತಿಗಳನ್ನು ಎಂದೂ ಒಂದಕ್ಕೊಂದು ಸೇರಿಸಬಾರದು, ಚಿಪ್ ಸುಟ್ಟೀತು. ತಂತಿ ಕೈಯಲ್ಲಿರುವಾಗ ಸ್ವಿಚ್ ಆರಿಸಿರಬೇಕು ಎಂಬುದನ್ನು ಹೆಂಗಸರಿಗೆ ಹೇಳಬೇಕಿಲ್ಲ, ಇಸ್ತ್ರಿಪೆಟ್ಟಿಗೆ ಕಲಿಸಿದೆ.

ಸಂಜೆ ಅಮ್ಮನನ್ನು ಕರೆದೆ. ಅಮ್ಮನಿಗೆ ಎಂಬತ್ತೆರಡು. ಎರಡೂ ಸ್ಪೀಕರುಗಳಿಂದ ಸಮದೂರದಲ್ಲಿ ಅಪ್ಪನ ಆರಾಮ ಕುರ್ಚಿ ಇನ್ನೂ ಇದೆ. "ಅಲ್ಲಿ ಕೂತ್ಕೋಮ್ಮಾ" ಎಂದೆ. "ಅದು ಅವರದ್ದಲ್ಲವೇ" ಎಂದು ನಿಂತರು. ಕೈ ಹಿಡಿದು ಕೂರಿಸಿದೆ. ಮೊಬೈಲಿನಿಂದ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಹಚ್ಚಿದೆ. ಅಮ್ಮನಿಗೆ ಈಚೆಗೆ ಕಿವಿ ಸ್ವಲ್ಪ ಮಂದ, ಅದಕ್ಕೇ ನಾನು ತುಸು ಜೋರಾಗಿಯೇ ಇಟ್ಟೆ. ಅಮ್ಮನ ಹುಬ್ಬು ಗಂಟಾಯಿತು.

"ಏನಮ್ಮಾ, ಕೇಳಿಸ್ತಾ ಇಲ್ಲವಾ?"

"ಜೋರಾಯ್ತು ಕಣೇ."

ಪುಟ್ಟ ಪೆಟ್ಟಿಗೆಯನ್ನು ಅವರ ಮುಂದೆ ಹಿಡಿದೆ. ಸೀರೆಯ ಸೆರಗಿಗೆ ಕೈ ಒರೆಸಿಕೊಂಡರು, ಕೈ ಒಣಗಿಯೇ ಇತ್ತು. ಎರಡು ಬೆರಳಿನಲ್ಲಿ ಗುಂಡಿ ಹಿಡಿದು ಇಳಿಸಿದರು. ಇನ್ನೂ ಇಳಿಸಿದರು. ನನಗೆ ಇದು ಕೇಳುವುದೇ ಇಲ್ಲ ಎನ್ನಿಸುವಷ್ಟಕ್ಕೆ ಇಳಿಸಿ ಹಿಂದಕ್ಕೊರಗಿದರು. ಒಂದು ನಿಮಿಷದಲ್ಲಿ ನನ್ನ ಕಿವಿಯೂ ಹೊಂದಿಕೊಂಡಿತು. ತಂತಿಯ ಮೇಲೆ ಬೆರಳು ಜಾರುವ ಸದ್ದು ಕೂಡ ಕೇಳತೊಡಗಿತು. ವಿಜ್ಞಾನದ ಮೇಡಂ ಲೆಕ್ಕದಲ್ಲಿ ಅರ್ಧ ವ್ಯಾಟೂ ಇರಲಿಕ್ಕಿಲ್ಲ.

"ಅಪ್ಪ ಅಷ್ಟು ಜೋರಾಗಿ ಇಡ್ತಿದ್ದರಲ್ಲ, ಆಗ ನೀನು ಏನೂ ಹೇಳ್ತಿರಲಿಲ್ಲ" ಎಂದೆ.

"ಅಡುಗೆಮನೆಗೆ ಕೇಳಲಿ ಅಂತ ಇಡ್ತೀನಿ ಅಂತಿದ್ದರು ಪಾಪ" ಎಂದರು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಿ ಬಂದು ಕೂತ್ಕೋ ಅಂದಿದ್ದರೆ ಅಷ್ಟು ಜೋರು ಬೇಕಾಗ್ತಿರಲಿಲ್ಲ" ಎಂದರು.

ನಾನು ಎದ್ದು ಸ್ಪೀಕರಿನ ಮೇಲಿನ ಹೂದಾನಿ ತೆಗೆದಿಟ್ಟೆ, ಅದು ಸಣ್ಣಗೆ ಅದುರುತ್ತಿತ್ತು. ಅಪ್ಪನ ಫೋಟೋ ಅಲ್ಲೇ ಇರಲಿ ಎಂದರು ಅಮ್ಮ. ಅವತ್ತು ರಾತ್ರಿಯ ಅಡುಗೆ ತಡವಾಯಿತು.