ಬೆಂಗಳೂರಿನ ಕೈಗಾರಿಕಾ ಹೊರವಲಯದಲ್ಲಿ ಕುಡಿಯುವ ನೀರಿನ ಬಳಕೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಬೆಂಗಳೂರಿನ ಹೊರವಲಯದ ಪ್ರಮುಖ ಮಾಹಿತಿ ತಂತ್ರಜ್ಞಾನ ಹಾಗೂ ಕೈಗಾರಿಕಾ ಪ್ರದೇಶಗಳಾಗಿವೆ. ಇಲ್ಲಿನ ನಿವಾಸಿಗಳಿಗೆ ಮತ್ತು ಕಾರ್ಮಿಕರಿಗೆ ಕುಡಿಯುವ ನೀರು ಕಾವೇರಿ ಕೊಳಾಯಿ, ಕೊಳವೆಬಾವಿ, ಟ್ಯಾಂಕರ್, ಶುದ್ಧ ಕುಡಿಯುವ ನೀರಿನ ಘಟಕ ಹಾಗೂ 20 ಲೀಟರಿನ ಕ್ಯಾನುಗಳ ಮೂಲಕ ದೊರೆಯುತ್ತದೆ. ಒಬ್ಬ ವ್ಯಕ್ತಿ ದಿನಕ್ಕೆ ಎಷ್ಟು ನೀರು ಕುಡಿಯುತ್ತಾನೆ ಎಂಬುದನ್ನು ಬಾಯಾರಿಕೆಯ ಜೊತೆಗೆ ನೀರಿನ ಬೆಲೆ, ಗುಣಮಟ್ಟ, ಕೆಲಸದ ನಡುವಿನ ಬಿಡುವು ಮತ್ತು ಶೌಚಾಲಯದ ಸೌಲಭ್ಯವೂ ನಿರ್ಧರಿಸುತ್ತವೆ.

ಹಿನ್ನೆಲೆ

ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು (ಜಲಮಂಡಳಿ) 1964ರಲ್ಲಿ ಸ್ಥಾಪನೆಯಾಯಿತು. ಕಾವೇರಿ ಯೋಜನೆಯ ಮೊದಲ ಹಂತದ ನೀರು 1974ರಲ್ಲಿ ನಗರವನ್ನು ತಲುಪಿತು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ಹಾರೋಹಳ್ಳಿ ಮತ್ತು ತಾತಗುಣಿಯ ಪಂಪಿಂಗ್ ಕೇಂದ್ರಗಳ ಮೂಲಕ ಮೇಲೆತ್ತಿ ಸುಮಾರು 100 ಕಿ.ಮೀ. ದೂರದ ನಗರಕ್ಕೆ ತರಲಾಗುತ್ತದೆ.

2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಗ್ರಾಮಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ವಸತಿ ಮತ್ತು ಉದ್ಯೋಗ ಬೆಳೆದ ವೇಗದಲ್ಲಿ ಕೊಳವೆ ಜಾಲ ಬೆಳೆಯಲಿಲ್ಲ. ಇದರಿಂದ ಹೊರವಲಯದ ಹಲವು ಬಡಾವಣೆಗಳು ಅಂತರ್ಜಲವನ್ನೇ ನೆಚ್ಚಿಕೊಂಡವು. ಗಟ್ಟಿ ಶಿಲೆಯ ಈ ಪ್ರದೇಶದಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಮಾತ್ರ ಸಂಗ್ರಹವಾಗುವುದರಿಂದ, ಮಳೆ ಕಡಿಮೆಯಾದ ವರ್ಷಗಳಲ್ಲಿ ಕೊಳವೆಬಾವಿಗಳು ಬೇಗ ಬತ್ತುತ್ತವೆ.

2024ರ ಅಭಾವ

2024ರ ಮಾರ್ಚ್‌ನಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರ ತಿಳಿಸಿತು. ಜಿಲ್ಲಾಡಳಿತವು ಖಾಸಗಿ ಟ್ಯಾಂಕರ್‌ಗಳಿಗೆ ದರ ನಿಗದಿಪಡಿಸಿ, 5 ಕಿ.ಮೀ. ಒಳಗಿನ 6,000 ಲೀಟರ್ ನೀರಿಗೆ 600 ರೂಪಾಯಿ ಹಾಗೂ 12,000 ಲೀಟರ್‌ಗೆ 1,000 ರೂಪಾಯಿ ಎಂದು ಗೊತ್ತುಮಾಡಿತು. ಕುಡಿಯುವ ನೀರಿನಿಂದ ವಾಹನ ತೊಳೆಯುವುದು, ಕೈತೋಟಕ್ಕೆ ಹಾಯಿಸುವುದು ಮುಂತಾದವನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ಮುಖ್ಯವಾಗಿ 110 ಗ್ರಾಮಗಳಿಗೆಂದು ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತವು 2024ರ ಅಕ್ಟೋಬರ್ 16ರಂದು ಉದ್ಘಾಟನೆಗೊಂಡಿತು.

ನೀರಿನ ಗುಣಮಟ್ಟ

ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಒಟ್ಟು ಘನವಸ್ತುಗಳು (ಟಿಡಿಎಸ್) ಲೀಟರಿಗೆ 500 ಮಿ.ಗ್ರಾಂ. ಒಳಗಿರುವುದು ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದಲ್ಲಿ 2,000 ಮಿ.ಗ್ರಾಂ. ವರೆಗೆ ಅನುಮತಿಯಿದೆ. ನೈಟ್ರೇಟ್‌ನ ಮಿತಿ 45 ಮಿ.ಗ್ರಾಂ. ಮತ್ತು ಒಟ್ಟು ಕ್ರೋಮಿಯಂನ ಮಿತಿ 0.05 ಮಿ.ಗ್ರಾಂ. ಲೋಹಲೇಪನ ಘಟಕಗಳು ಹೆಚ್ಚಿರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಮಾಲಿನ್ಯ ಕಂಡುಬಂದಿದೆ.

ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ಆದರೆ ನೈಟ್ರೇಟ್ ಮತ್ತು ಕ್ರೋಮಿಯಂ ನೀರಿನಲ್ಲೇ ಉಳಿಯುತ್ತವೆ. ಇವನ್ನು ತೆಗೆಯಲು ಆರ್‌ಒ ವಿಧಾನ ನೆರವಾಗುತ್ತದೆ. ಈ ವಿಧಾನದಲ್ಲಿ ಸಾಕಷ್ಟು ನೀರು ವ್ಯರ್ಥವಾಗುವುದರಿಂದ, ಟಿಡಿಎಸ್ 500 ಮಿ.ಗ್ರಾಂ.ಗಿಂತ ಕಡಿಮೆ ಇರುವಲ್ಲಿ ಅದರ ಬಳಕೆಯನ್ನು ನಿರ್ಬಂಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರ್ಕಾರಕ್ಕೆ ಸೂಚಿಸಿತು. ಶುದ್ಧೀಕರಿಸಿದ ನೀರೂ ಸಂಪು, ಮೇಲ್ತೊಟ್ಟಿ ಅಥವಾ ಸರಿಯಾಗಿ ತೊಳೆಯದ ಕ್ಯಾನಿನಲ್ಲಿ ಮತ್ತೆ ಕಲುಷಿತವಾಗಬಹುದು.

ದೇಹಕ್ಕೆ ಬೇಕಾದ ಪ್ರಮಾಣ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಸುಮಾರು 8 ಲೋಟ, ಅಂದರೆ 2 ಲೀಟರ್ ನೀರನ್ನು ಸೂಚಿಸುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ ಆಹಾರದಲ್ಲಿನ ನೀರೂ ಸೇರಿ ಮಹಿಳೆಯರಿಗೆ 2 ಲೀಟರ್, ಪುರುಷರಿಗೆ 2.5 ಲೀಟರ್ ಎಂದು ಹೇಳಿದೆ. ಬಿಸಿಲು, ಶ್ರಮ, ಜ್ವರ, ಭೇದಿ ಮತ್ತು ಸ್ತನ್ಯಪಾನದ ಸಂದರ್ಭಗಳಲ್ಲಿ ಅಗತ್ಯ ಹೆಚ್ಚುತ್ತದೆ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯುಳ್ಳವರು ವೈದ್ಯರು ಸೂಚಿಸಿದ ಮಿತಿಯನ್ನು ಪಾಲಿಸಬೇಕಾಗುತ್ತದೆ. ಅಲ್ಪಾವಧಿಯಲ್ಲಿ ಅತಿಯಾಗಿ ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ಅಪಾಯಕರ ಮಟ್ಟಕ್ಕೆ ಇಳಿಯಬಹುದು.

ಕೆಲಸದ ಸ್ಥಳದಲ್ಲಿ

ಹವಾನಿಯಂತ್ರಿತ ಕಚೇರಿಗಳಲ್ಲಿ ಬೆವರು ಕಾಣಿಸದ ಕಾರಣ ನೀರು ಕುಡಿಯುವುದು ಮರೆತುಹೋಗುವುದುಂಟು. ಕುಲುಮೆ, ಬೆಸುಗೆ ಮತ್ತು ಕಟ್ಟಡ ನಿರ್ಮಾಣದ ಕೆಲಸಗಾರರು ಬೆವರಿನ ಮೂಲಕ ನೀರಿನೊಂದಿಗೆ ಉಪ್ಪನ್ನೂ ಕಳೆದುಕೊಳ್ಳುತ್ತಾರೆ. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಉತ್ಪಾದನಾ ಗುರಿಯ ಒತ್ತಡ ಮತ್ತು ಶೌಚಾಲಯಕ್ಕೆ ಹೋಗಲು ಬಿಡುವಿಲ್ಲದಿರುವುದು ಮಹಿಳೆಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಲು ಕಾರಣವಾಗುತ್ತವೆ. ಈ ಅಭ್ಯಾಸವು ಮೂತ್ರನಾಳದ ಸೋಂಕಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಗೇಟಿನ ಕಾವಲುಗಾರರು, ಆಟೋ ಚಾಲಕರು ಮತ್ತು ಆಹಾರ ತಲುಪಿಸುವ ಸವಾರರಿಗೂ ಶೌಚಾಲಯದ ಕೊರತೆ ಇದೇ ರೀತಿಯ ತೊಡಕಾಗಿದೆ.

1948ರ ಕಾರ್ಖಾನೆಗಳ ಕಾಯ್ದೆಯ 18ನೇ ಕಲಮು ಕುಡಿಯುವ ನೀರಿನ ಸ್ಥಳವನ್ನು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಗುರುತಿಸಬೇಕು ಹಾಗೂ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಬೇಸಿಗೆಯಲ್ಲಿ ತಂಪು ನೀರು ಒದಗಿಸಬೇಕು ಎಂದು ವಿಧಿಸಿತು.

ಸ್ಥಳೀಯ ಪಾನೀಯಗಳು

ನೀರುಮಜ್ಜಿಗೆ, ರಾಗಿ ಅಂಬಲಿ, ನಿಂಬೆಹಣ್ಣಿನ ಪಾನಕ ಮತ್ತು ಎಳನೀರು ಇಲ್ಲಿ ಬಳಕೆಯಲ್ಲಿರುವ ಪಾನೀಯಗಳು. ಉಪ್ಪು ಬೆರೆಸಿದ ಮಜ್ಜಿಗೆ ಬೆವರಿನಲ್ಲಿ ಹೋದ ಲವಣವನ್ನು ಭಾಗಶಃ ತುಂಬುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆಯುಳ್ಳವರಿಗೆ ಅದು ಸೂಕ್ತವಲ್ಲ. ದರ್ಶಿನಿಗಳಲ್ಲಿ ರೂಢಿಯಲ್ಲಿರುವ ‘ಬೈ ಟೂ’ ಕಾಫಿಯಂತಹ ಮಿತ ಪ್ರಮಾಣದ ಕಾಫಿ, ಚಹಾಗಳೂ ದಿನದ ದ್ರವದ ಲೆಕ್ಕಕ್ಕೆ ಸೇರುತ್ತವೆ. ಭೇದಿಯಾದಾಗ ಮಾತ್ರ ಇವು ಓಆರ್‌ಎಸ್‌ಗೆ ಬದಲಿಯಾಗುವುದಿಲ್ಲ.

ನಿರ್ಜಲೀಕರಣದ ಲಕ್ಷಣಗಳು

ಗಾಢ ಹಳದಿ ಬಣ್ಣದ ಮೂತ್ರ, ಒಣಗಿದ ಬಾಯಿ, ತಲೆನೋವು, ತಲೆಸುತ್ತು ಮತ್ತು ಸ್ನಾಯು ಸೆಳೆತ ಸಾಮಾನ್ಯ ಲಕ್ಷಣಗಳು. ಬಿಸಿಲಿನಲ್ಲಿ ದುಡಿಯುವವರಲ್ಲಿ ಗೊಂದಲ, ಪ್ರಜ್ಞೆ ತಪ್ಪುವಿಕೆ ಅಥವಾ ಅತಿಯಾದ ಮೈಬಿಸಿ ಕಂಡುಬಂದರೆ ಅದು ಶಾಖಾಘಾತವಾಗಿರಬಹುದು. ಅಂಥವರನ್ನು ನೆರಳಿಗೆ ಒಯ್ದು, ಮೈಗೆ ನೀರು ಹಾಕಿ ತಂಪುಗೊಳಿಸಿ, ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಪ್ರಜ್ಞೆ ತಪ್ಪಿದವರಿಗೆ ನೀರು ಕುಡಿಸಬಾರದು.